ಕಟ್ಟೆಮನೆಯಿಂದ ದೂರದರ್ಶನಕ್ಕೆ

ವಯಸ್ಸು ಏರಿದಂತೆಲ್ಲ ಮನುಷ್ಯನಿಗೆ ತಾನು ಹುಡುಗನಾಗಿದ್ದಾಗ ಆಡಿದ ಆಟಗಳೇ ಆಟಗಳೆಂದೂ, ಈಗಿನ ಹುಡುಗರು ಆಡುವುದೆಲ್ಲ ಬರಿಯ ಗದ್ದಲವೆಂದೂ ತೋರತೊಡಗುತ್ತದೆ. ನನ್ನ ಅಜ್ಜನಿಗೆ ಹಾಗೆ ತೋರಿತ್ತು, ತಂದೆಗೂ ತೋರಿತ್ತು. ಈಗ ಸರದಿ ನನ್ನದು. ಈ ರೋಗಕ್ಕೆ ಮದ್ದಿಲ್ಲವೆಂದು ಬಲ್ಲೆ. ಆದರೆ ಕೆಲವು ತಿಂಗಳ ಹಿಂದೆ ನನ್ನ ಮಗಳು ಕೇಳಿದ ಒಂದು ಪ್ರಶ್ನೆ ನನ್ನನ್ನು ಬರಿಯ ಹಳಹಳಿಕೆಯಿಂದ ತುಸು ಆಚೆಗೆ ಎಳೆಯಿತು. ಟೆಲಿವಿಷನ್ನಿನಲ್ಲಿ ಯಾವುದೋ ಪಂದ್ಯ ನಡೆದಿತ್ತು. ನೆಲದ ಮೇಲೆ ಬಣ್ಣಬಣ್ಣದ ಚೌಕಗಳು, ಅವುಗಳ ಮೇಲೆ ಕುಪ್ಪಳಿಸುವ ಜನ, ಗೆದ್ದವರಿಗೆ ಚಿನ್ನ. “ಅಪ್ಪಾ, ಇಂಥ ಆಟಗಳನ್ನೆಲ್ಲ ಯಾರು ಕಂಡುಹಿಡಿದರು?” ಎಂದಳು. ಯೋಚಿಸದೆಯೇ, “ನಿನ್ನ ಮುತ್ತಜ್ಜಿ” ಎಂದುಬಿಟ್ಟೆ. ಅವಳು ನಕ್ಕಳು. ನಾನೂ ನಕ್ಕೆ. ಆಮೇಲೆ ನೋಡಿದರೆ ಆ ಮಾತು ಅಷ್ಟೇನೂ ಸುಳ್ಳಾಗಿರಲಿಲ್ಲ.

ನನ್ನ ಬಾಲ್ಯ ಕಳೆದದ್ದು ಹಲವಾಗಲಿನಲ್ಲಿ. ಹರಪನಹಳ್ಳಿ ತಾಲ್ಲೂಕಿನ, ತುಂಗಭದ್ರೆಗೆ ಹತ್ತಿರದ ಊರು ಅದು. ಈ ತಾಲ್ಲೂಕಿನ ಚರಿತ್ರೆಯೇ ಒಂದು ಕವಡೆಯಾಟದಂತೆ ಇದೆ. ಮೊದಲು ಮದರಾಸು ಪ್ರಾಂತದ ಬಳ್ಳಾರಿ ಜಿಲ್ಲೆಯಲ್ಲಿತ್ತು. ೧೯೫೩ರ ಅಕ್ಟೋಬರ್ ೧ರಂದು ಮೈಸೂರು ರಾಜ್ಯಕ್ಕೆ ಬಂತು. ೧೯೯೭ರಲ್ಲಿ ದಾವಣಗೆರೆ ಜಿಲ್ಲೆಗೆ ಸರಿಯಿತು. ೨೦೧೮ರಲ್ಲಿ ಬಳ್ಳಾರಿಗೆ ಮರಳಿತು. ೨೦೨೧ರಲ್ಲಿ ಹೊಸ ವಿಜಯನಗರ ಜಿಲ್ಲೆಯ ಮನೆಗೆ ಹೋಗಿ ಕುಳಿತಿತು. ಊರು ಇದ್ದಲ್ಲೇ ಇತ್ತು. ಕವಡೆ ಹಾಕಿದವರು ಮಾತ್ರ ಬೇರೆಯವರು.

ನಮ್ಮ ಮನೆಯ ಜಗಲಿಗೆ ದೊಡ್ಡ ಬಂಡೆಗಲ್ಲಿನ ಹಾಸು. ಆ ಕಲ್ಲಿನ ಮೇಲೆ ಯಾವ ಕಾಲದಲ್ಲಿ ಯಾರು ಕೊರೆದರೋ, ಐದು ಅಡ್ಡಸಾಲು, ಐದು ಉದ್ದಸಾಲಿನ ಇಪ್ಪತ್ತೈದು ಮನೆಗಳು. ಮೈಸೂರಿನ ಕಡೆಯವರು ಚೌಕಾಬಾರ ಎನ್ನುವ ಆಟವನ್ನು ನಮ್ಮ ಮನೆಯಲ್ಲಿ ಕಟ್ಟೆಮನೆ ಎನ್ನುತ್ತಿದ್ದರು. ಆಂಧ್ರದವರಿಗೆ ಅದೇ ಅಷ್ಟಾಚಮ್ಮ. ನಾಲ್ಕು ಕವಡೆ ಸಾಕು; ಕವಡೆ ಇಲ್ಲದಿದ್ದರೆ ಒಂದು ಬದಿ ತೇಯ್ದ ಹುಣಸೆಬೀಜ. ಕಾಯಿಗೆ ಒಡೆದ ಬಳೆಯ ಚೂರು, ಕಡ್ಡಿ, ಹುಣಸೆಬೀಜದ ಇನ್ನರ್ಧ, ಹೊಳೆಯ ಕಲ್ಲು. ನಾಲ್ಕು ಕವಡೆಯೂ ಮೇಲ್ಮೊಗವಾದರೆ ನಾಲ್ಕು, ನಾಲ್ಕೂ ಕವುಚಿದರೆ ಎಂಟು. ಇವೆರಡು ಬಿದ್ದವರಿಗೆ ಮತ್ತೊಂದು ಸಲ ಹಾಕುವ ಹಕ್ಕು. ಹೊರಸುತ್ತಿನ ಹದಿನಾರು ಮನೆಗಳನ್ನು ಅಪ್ರದಕ್ಷಿಣವಾಗಿ ಸುತ್ತಬೇಕು. ಎದುರಾಳಿಯ ಒಂದು ಕಾಯನ್ನಾದರೂ ಕಡಿಯದೆ ಒಳಸುತ್ತಿನ ಎಂಟು ಮನೆಗಳಿಗೆ ಪ್ರವೇಶವಿಲ್ಲ. ಒಳಗೆ ಹೋದಮೇಲೆ ದಿಕ್ಕು ತಿರುಗಿ ಪ್ರದಕ್ಷಿಣವಾಗುತ್ತದೆ. ಕೊನೆಗೆ ನಡುಮನೆ. ನಾಲ್ಕು ಬದಿಯ ನಡುವಿನ ಗುಣಿಸು ಗುರುತಿನ ಮನೆಗಳು ‘ಕಟ್ಟೆ’ಗಳು, ಅಲ್ಲಿ ಕುಳಿತ ಕಾಯನ್ನು ಯಾರೂ ಕಡಿಯುವಂತಿಲ್ಲ.

ಅಜ್ಜಿಗೆ ಅಕ್ಷರ ಬರುತ್ತಿರಲಿಲ್ಲ. ಆದರೆ ಕವಡೆ ನೆಲಕ್ಕೆ ಬೀಳುವ ಮೊದಲೇ ಯಾವ ಕಾಯಿ ಎಲ್ಲಿಗೆ ಹೋಗಬೇಕೆಂದು ಅವಳ ಬೆರಳಿಗೆ ತಿಳಿದಿರುತ್ತಿತ್ತು. ಮಧ್ಯಾಹ್ನದ ಊಟವಾದ ಮೇಲೆ ಅವಳು, ಪಕ್ಕದ ಮನೆಯ ಇಬ್ಬರು ಮುದುಕಿಯರು, ನಾಲ್ಕನೆಯವನಾಗಿ ನಾನು. ಮುದುಕಿಯರು ನನಗಾಗಿ ಎಂದೂ ಸೋತುಕೊಡಲಿಲ್ಲ. ಎಂಟು ವರ್ಷದ ಹುಡುಗನ ಕಾಯನ್ನೂ ಅಷ್ಟೇ ನಿರ್ದಯೆಯಿಂದ ಕಡಿಯುತ್ತಿದ್ದರು. ಕಣ್ಣಲ್ಲಿ ನೀರು ಬಂದರೆ ಅಜ್ಜಿ, “ಆಟದಾಗ ಅಳಬಾರದಪ್ಪಾ, ಇನ್ನೊಮ್ಮೆ ಹುಟ್ಟಿಸ್ಕೋ” ಎನ್ನುತ್ತಿದ್ದಳು. ಸತ್ತ ಕಾಯಿ ಮತ್ತೆ ಹುಟ್ಟುವ ಸೌಲಭ್ಯ ಕಟ್ಟೆಮನೆಯಲ್ಲಿದೆ.

ಜಗಲಿಯ ಕೆಳಗೆ, ಬೀದಿಯಲ್ಲಿ ನಿಂತು ನೋಡುವ ಹುಡುಗರೂ ಇದ್ದರು. ಬೇರೆ ಕೇರಿಯ ಹುಡುಗರು. ಅವರು ಜಗಲಿ ಹತ್ತುತ್ತಿರಲಿಲ್ಲ. ಹತ್ತಬಾರದೆಂದು ನಾನೆದುರಿಗೆ ಯಾರೂ ಹೇಳಿದ ನೆನಪೂ ಇಲ್ಲ. ಹೇಳುವ ಅಗತ್ಯವೇ ಇರಲಿಲ್ಲವೆಂಬುದು ನನಗೆ ಬಹಳ ವರ್ಷಗಳ ಮೇಲೆ ಅರ್ಥವಾಯಿತು. ಈ ಹುಡುಗರ ಮಾತಿಗೆ ಮತ್ತೆ ಬರುತ್ತೇನೆ.

ನಮ್ಮ ಜಗಲಿಯ ಗೆರೆಗಳು ಒಂಟಿಯಲ್ಲ. ಈಗ ನಮ್ಮದೇ ಜಿಲ್ಲೆಯಲ್ಲಿರುವ ಹಂಪೆಗೆ ಹೋದವರು ವಿಗ್ರಹಗಳನ್ನೂ ಕಂಬಗಳನ್ನೂ ನೋಡುತ್ತಾರೆ. ತಲೆ ಬಗ್ಗಿಸಿ ನೆಲ ನೋಡುವವರು ಕಡಿಮೆ. ಮಂಟಪಗಳ ಹಾಸುಗಲ್ಲಿನ ಮೇಲೆ ಅಲ್ಲಲ್ಲಿ ಹುಲಿ-ಕುರಿಯಾಟದ ಗೆರೆಗಳು, ಅಳಗುಳಿಯ ಗುಣಿಗಳು, ಚೌಕಗಳು ಕಾಣುತ್ತವೆ. ಮಂಟಪವನ್ನು ಕಟ್ಟಿಸಿದ ಅರಸನ ಹೆಸರು ಶಾಸನದಲ್ಲಿ ಉಳಿಯುತ್ತದೆ. ಅದೇ ಮಂಟಪದ ನೆರಳಿನಲ್ಲಿ ಬೇಸರ ಕಳೆದ ಕಾವಲುಗಾರನದೋ ಯಾತ್ರಿಕನದೋ ಹೆಸರು ಉಳಿಯುವುದಿಲ್ಲ. ಅವನು ಕೊರೆದ ಗೆರೆ ಉಳಿಯುತ್ತದೆ. ಹೆಸರಿಲ್ಲದವರ ಶಾಸನ ಅದು.

ಹೆಸರುಳ್ಳವರ ಆಟವನ್ನು ನೋಡಬೇಕಾದರೆ ಮೈಸೂರಿಗೆ ಹೋಗಬೇಕು. ಮುಮ್ಮಡಿ ಕೃಷ್ಣರಾಜ ಒಡೆಯರ ಕೈಯಿಂದ ೧೮೩೧ರಲ್ಲಿ ಇಂಗ್ಲಿಷರು ಆಡಳಿತವನ್ನು ಕಿತ್ತುಕೊಂಡರು. ರಾಜ್ಯವಿಲ್ಲದ ಆ ರಾಜರು ೧೮೬೮ರಲ್ಲಿ ತೀರಿಕೊಳ್ಳುವವರೆಗೆ ವಿದ್ಯೆಗೂ ಕಲೆಗೂ ಆಶ್ರಯ ಕೊಟ್ಟರು. ಅದರೊಡನೆ ಆಟಗಳನ್ನೂ ರಚಿಸಿದರು. ‘ಶ್ರೀತತ್ತ್ವನಿಧಿ’ಯ ಒಂಬತ್ತು ನಿಧಿಗಳಲ್ಲಿ ‘ಕೌತುಕನಿಧಿ’ ಎಂಬ ಒಂದು ನಿಧಿಯೇ ಆಟಗಳಿಗೆ ಮೀಸಲು. ಚದುರಂಗದ ಕುದುರೆ ಅರವತ್ತನಾಲ್ಕು ಮನೆಗಳನ್ನೂ ಒಂದೊಂದೇ ಸಲ ಮೆಟ್ಟಿ ಬರುವ ಲೆಕ್ಕವೆಂದರೆ ಅವರಿಗೆ ಬಹಳ ಪ್ರೀತಿ. ಜಗನ್ಮೋಹನ ಅರಮನೆಯ ಗೋಡೆಯ ಮೇಲೆ ಅವರ ಆಟದ ಚಿತ್ರಗಳನ್ನು ಕಾಣಬಹುದು. ನಿಜವಾದ ಮಣೆಯ ಮೇಲೆ ತನ್ನ ಕಾಯನ್ನು ಯಾರೋ ಕಡಿದುಹಾಕಿದಾಗ ಬಣ್ಣದ ಮಣೆಯ ಮೇಲೆ ಆಳುವ ಆಸೆ ಯಾರಿಗಾದರೂ ಆದೀತು. ನಮ್ಮ ಕಾಲದಲ್ಲಿ ಮೈಸೂರಿನ ರಾಮ್‌ಸನ್ಸ್ ಕಲಾ ಪ್ರತಿಷ್ಠಾನದವರು ಈ ಹಳೆಯ ಆಟಗಳ ಮಣೆ-ಕಾಯಿಗಳನ್ನು ಹೊಸದಾಗಿ ಮಾಡಿಸಿ ‘ಕ್ರೀಡಾ ಕೌಶಲ್ಯ’ವೆಂಬ ಪ್ರದರ್ಶನಗಳಲ್ಲಿ ಜನರ ಮುಂದಿಟ್ಟರು. ಕೊಂಡು ಮನೆಗೊಯ್ದವರಲ್ಲಿ ಎಷ್ಟು ಮಂದಿ ಆಡಿದರೋ, ಎಷ್ಟು ಮಂದಿ ಗಾಜಿನ ಬೀರುವಿನಲ್ಲಿಟ್ಟರೋ!

ಆಟಗಳು ಊರು ಬಿಟ್ಟು ಹೋಗುವುದು, ಹೆಸರು ಬದಲಿಸಿಕೊಂಡು ಮರಳುವುದು ಹೊಸತೇನಲ್ಲ. ನಮ್ಮ ಪಗಡೆಯ ಸಂಬಂಧಿಯಾದ ಪಚ್ಚೀಸಿ ಅಮೆರಿಕಕ್ಕೆ ಹೋಗಿ ಹತ್ತೊಂಬತ್ತನೆಯ ಶತಮಾನದಲ್ಲಿಯೇ ‘ಪಾರ್ಚೀಸಿ’ ಎಂಬ ವ್ಯಾಪಾರದ ಸರಕಾಯಿತು. ಇಂಗ್ಲೆಂಡಿನಲ್ಲಿ ೧೮೯೬ರಲ್ಲಿ ಅದನ್ನೇ ಸುಲಭ ಮಾಡಿ, ಕವಡೆಯ ಬದಲು ಒಂದು ದಾಳ ಕೊಟ್ಟು, ‘ಲೂಡೋ’ ಎಂದು ಪೇಟೆಂಟು ಮಾಡಿಸಿದರು. ಆ ಲೂಡೋ ರಟ್ಟಿನ ಮೇಲೆ ಅಚ್ಚಾಗಿ ನಮ್ಮ ಜಾತ್ರೆಯ ಅಂಗಡಿಗೆ ಬಂದಾಗ, ಅದು ಪರದೇಶದ ಆಟವೆಂದು ನಾವು ಬೆರಗಿನಿಂದ ಕೊಂಡೆವು.

ಹಾವು-ಏಣಿಯ ಕಥೆ ಇನ್ನೂ ಸ್ವಾರಸ್ಯವಾದದ್ದು. ಮೋಕ್ಷಪಟ, ಪರಮಪದ ಸೋಪಾನ, ಜ್ಞಾನ ಚೌಪಡ ಎಂಬ ಹೆಸರುಗಳ ಅದು ಮೂಲತಃ ಧರ್ಮಬೋಧೆಯ ಆಟ. ವೈಷ್ಣವರ ಪಟದಲ್ಲಿ ೭೨ ಮನೆ, ಜೈನರ ಪಟದಲ್ಲಿ ೮೪ ಮನೆ ಎಂದು ಸಂಪ್ರದಾಯ ಬೇರೆ ಬೇರೆ. ಪುಣ್ಯಗಳಿಗೆ ಏಣಿ, ಪಾಪಗಳಿಗೆ ಹಾವು. ಎತ್ತರದಲ್ಲಿ ವೈಕುಂಠವೋ ಸಿದ್ಧಲೋಕವೋ. ೧೮೯೦ರ ದಶಕದಲ್ಲಿ ಇಂಗ್ಲೆಂಡಿನಲ್ಲಿ ಅದು ಮಕ್ಕಳ ಆಟವಾಯಿತು. ೧೯೪೩ರಲ್ಲಿ ಅಮೆರಿಕದ ಮಿಲ್ಟನ್ ಬ್ರ್ಯಾಡ್ಲಿ ಕಂಪನಿ ಹಾವನ್ನೂ ತೆಗೆದು ಜಾರುಬಂಡಿ ಹಾಕಿತು. ಮೋಕ್ಷವೇ ಮಣೆಯಿಂದ ಉದುರಿಹೋಗಿ ನೂರನೆಯ ಮನೆ ಮಾತ್ರ ಉಳಿಯಿತು. ಎತ್ತರಕ್ಕೆ ಹತ್ತಬೇಕು ಎನ್ನುವುದು ಉಳಿಯಿತು. ಏಕೆ ಹತ್ತಬೇಕು ಎನ್ನುವುದು ಹೋಯಿತು.

ಇಷ್ಟಾದಮೇಲೆ ಟೆಲಿವಿಷನ್ನಿಗೆ ದಾರಿ ಸುಗಮ. ಅಮೆರಿಕದ ಸಿಬಿಎಸ್ ವಾಹಿನಿಯಲ್ಲಿ ೧೯೬೦ರಲ್ಲಿ ‘ವಿಡಿಯೊ ವಿಲೇಜ್’ ಎಂಬ ಕಾರ್ಯಕ್ರಮ ಶುರುವಾಯಿತು. ಅದರಲ್ಲಿ ಸ್ಟುಡಿಯೋದ ನೆಲವೇ ಮಣೆ, ಸ್ಪರ್ಧಿಗಳೇ ಕಾಯಿಗಳು. ದಾಳ ಬಿದ್ದಷ್ಟು ಮನೆ ಅವರು ನಡೆಯಬೇಕು. ಹೊಸ ಕಲ್ಪನೆಯೆಂದು ಅಲ್ಲಿಯವರು ಮೆಚ್ಚಿದರು. ಆದರೆ ಫತೇಪುರ ಸಿಕ್ರಿಯ ಅಂಗಳದಲ್ಲಿ ಕಲ್ಲಿನ ಪಚ್ಚೀಸಿಯ ಮಣೆ ಇನ್ನೂ ಇದೆ. ಅಕ್ಬರ ಬಾದಶಹ ಅದರ ಮೇಲೆ ದಾಸಿಯರನ್ನೇ ಕಾಯಿಗಳನ್ನಾಗಿ ನಡೆಸುತ್ತಿದ್ದನೆಂದು ಪ್ರತೀತಿ. ಪ್ರತೀತಿ ನಿಜವಾದರೆ, ಮನುಷ್ಯರನ್ನು ಕಾಯಿ ಮಾಡಿ ನೋಡುವ ಸುಖ ನಾಲ್ಕು ಶತಮಾನಗಳಷ್ಟಾದರೂ ಹಳೆಯದು. ಮುಂದೆ ಸ್ಕ್ರ್ಯಾಬಲ್ ೧೯೮೪ರಲ್ಲಿಯೂ, ಮೊನೊಪೊಲಿ ೧೯೯೦ರಲ್ಲಿಯೂ ಅಲ್ಲಿ ಟೆಲಿವಿಷನ್ ಏರಿದುವು. ಇಂಗ್ಲೆಂಡಿನಲ್ಲಿ ಕೊಲೆಗಾರನನ್ನು ಪತ್ತೆಮಾಡುವ ‘ಕ್ಲೂಡೊ’ ಆಟ ೧೯೯೦ರಲ್ಲಿ ನಟರನ್ನು ಕೂಡಿಸಿಕೊಂಡು ತೆರೆಗೆ ಬಂತು.

ನಮ್ಮಲ್ಲಿ ಆದದ್ದೇನು? ಪಂದ್ಯಕ್ಕಿಂತ ಮೊದಲು ಕಥೆಯಾಗಿ ಆಟ ತೆರೆಗೆ ಬಂತು. ೧೯೮೮ರ ಅಕ್ಟೋಬರ್ ೨ರಂದು ಬಿ. ಆರ್. ಚೋಪ್ರಾ ಅವರ ‘ಮಹಾಭಾರತ’ ದೂರದರ್ಶನದಲ್ಲಿ ಪ್ರಾರಂಭವಾಗಿ ೯೪ ಕಂತುಗಳಲ್ಲಿ ೧೯೯೦ರ ಜೂನ್ ೨೪ರವರೆಗೆ ನಡೆಯಿತು. ಆಗ ಹಲವಾಗಲಿನಲ್ಲಿ ನಮಗೆ ಹೋಗಿ ಕೂರಲು ಸಲಿಗೆಯಿದ್ದ ಟೆಲಿವಿಷನ್ ಮನೆ ಒಂದೇ. ಬಿದಿರಿಗೆ ಕಟ್ಟಿದ ಏರಿಯಲ್ಲನ್ನು ಒಬ್ಬ ಹುಡುಗ ಮಾಳಿಗೆಯ ಮೇಲೆ ತಿರುಗಿಸಬೇಕು, ಕೆಳಗಿನಿಂದ ಒಬ್ಬ “ಬಂತು, ಬಂತು, ಹೋಯ್ತು” ಎಂದು ಕೂಗಬೇಕು. ಭಾನುವಾರ ಬೆಳಿಗ್ಗೆ ಪಡಸಾಲೆಯ ತುಂಬ ಜನ. ಹಿಂದಿ ಯಾರಿಗೂ ಸರಿಯಾಗಿ ಬರುತ್ತಿರಲಿಲ್ಲ. ಆದರೆ ಬಯಲಾಟದಲ್ಲಿ ರಾತ್ರಿಯಿಡೀ ಕಂಡ ಕಥೆ. ಕುಮಾರವ್ಯಾಸನನ್ನು ಓದಿಸಿ ಕೇಳಿದ ಕಥೆ. ಮಾತು ಏಕೆ ಬೇಕು? ಗುಫಿ ಪೇಂಟಲ್‌ರ ಶಕುನಿ ದಾಳವನ್ನು ಕೈಯಲ್ಲಿ ಉಜ್ಜಿದಾಗ ಪಡಸಾಲೆಯಲ್ಲಿ ಉಸಿರಾಡುವ ಸದ್ದೂ ಇರಲಿಲ್ಲ.

ಆ ದ್ಯೂತದ ಕಂತು ಬಂದ ಭಾನುವಾರದ ಹಿಂದಿನ ದಿನ ಅಜ್ಜಿಯೊಡನೆ ಶುರುಮಾಡಿದ ಆಟ ಮುಗಿದಿರಲಿಲ್ಲ. ಕಾಯಿಗಳನ್ನು ಕಲ್ಲಿನ ಮೇಲೆ ಹಾಗೆಯೇ ಬಿಟ್ಟಿದ್ದೆವು. ನನ್ನ ಮೂರು ಕಾಯಿ ನಡುಮನೆ ಸೇರಿದ್ದುವು, ನಾಲ್ಕನೆಯದು ಒಳಸುತ್ತಿನಲ್ಲಿತ್ತು. ಬೆಳಿಗ್ಗೆ ಅಜ್ಜಿ ಕವಡೆ ಹಿಡಿದು ಕುಳಿತಳು. ಇದೊಂದನ್ನು ಮುಗಿಸಿ ಹೋಗೆಂದಳು. ನಾನು, “ಬಂದು ಆಡ್ತೀನಿ” ಎಂದು ಓಡಿದೆ. ಬಂದಮೇಲೆ ಆಡಲಿಲ್ಲ. ಆ ಮಧ್ಯಾಹ್ನವೂ ಇಲ್ಲ, ಮರುದಿನವೂ ಇಲ್ಲ. ಆ ಮನೆಯಲ್ಲಿ ಸಂಜೆಯೂ ಏನೋ ತೋರಿಸುತ್ತಿದ್ದರು. ನಾಲ್ಕನೆಯ ಕೈ ಇಲ್ಲದೆ ಮುದುಕಿಯರ ಆಟ ಕುಂಟಿತು. ಬಳಿಕ ಅವರಲ್ಲೊಬ್ಬರು ಟೆಲಿವಿಷನ್ನಿನ ಮುಂದೆ ಹೋಗಿ ಕುಳಿತರು. ಆಮೇಲೆ ಅಜ್ಜಿಯೂ ಹೋದಳು. ಚಪ್ಪಲಿ ಹೊರಗೆ ಬಿಟ್ಟು, ಕೃಷ್ಣ ಕಂಡಾಗಲೆಲ್ಲ ಕೈಮುಗಿದು ನೋಡುತ್ತಿದ್ದಳು. ಅವಳಿಗೆ ಅದು ಇಷ್ಟವಾಗಲಿಲ್ಲವೆಂದು ಬರೆದರೆ ಸುಳ್ಳಾಗುತ್ತದೆ. ಬಹಳ ಇಷ್ಟವಾಯಿತು. ಕೆಲವು ವರ್ಷಗಳಲ್ಲಿ ಅವಳು ತೀರಿಕೊಂಡಳು. ನನ್ನ ನಾಲ್ಕನೆಯ ಕಾಯಿ ಮನೆ ಸೇರದೆ ಹೋದದ್ದು ಈಗಲೂ ಒಮ್ಮೊಮ್ಮೆ ನೆನಪಾಗುತ್ತದೆ.

ನಿಜವಾದ ಮಣೆಯಾಟ ನಮ್ಮ ದೇಶದ ಟೆಲಿವಿಷನ್ನಿಗೆ ಬಂದದ್ದು ಜೀ ಟಿವಿಯಿಂದ. ೧೯೯೨ರ ಅಕ್ಟೋಬರಿನಲ್ಲಿ ಹುಟ್ಟಿದ ಆ ವಾಹಿನಿ ತನ್ನ ಆರಂಭದ ವರ್ಷಗಳಲ್ಲಿಯೇ ‘ಸಾಂಪ್ ಸೀಡಿ’ ಎಂಬ ಪಂದ್ಯವನ್ನು ತೋರಿಸಿತು. ಹೆಸರೇ ಹೇಳುವಂತೆ ಹಾವು-ಏಣಿಯನ್ನು ಆಧರಿಸಿದ್ದು. ನಡೆಸಿಕೊಟ್ಟವರು ಮೋಹನ್ ಕಪೂರ್. ದಾವಣಗೆರೆಯಲ್ಲಿ ಓದುತ್ತಿದ್ದಾಗ ನಾನು ಅದನ್ನು ನೋಡಿದೆ. ಮೋಕ್ಷಪಟ ಇಂಗ್ಲೆಂಡಿಗೆ ಹೋಗಿ, ರಟ್ಟಿನಲ್ಲಿ ಅಚ್ಚಾಗಿ, ಈಗ ಬೆಳಕಿನ ತೆರೆಯ ಮೇಲೆ ಹಿಂದಿರುಗಿತ್ತು. ವೈಕುಂಠವಿದ್ದ ಜಾಗದಲ್ಲಿ ಬಹುಮಾನವಿತ್ತು.

ಕನ್ನಡದ ವಾಹಿನಿಗಳೂ ಹಿಂದುಳಿಯಲಿಲ್ಲ. ೨೦೧೨ರಲ್ಲಿ ಪುನೀತ್ ರಾಜ್‌ಕುಮಾರ್ ‘ಕನ್ನಡದ ಕೋಟ್ಯಧಿಪತಿ’ಯನ್ನು ನಡೆಸಿಕೊಟ್ಟಾಗ ನಮ್ಮ ಮನೆಯವರೆಲ್ಲ ಮೊದಲ ಸಾಲಿನಲ್ಲಿ ಕುಳಿತು ನೋಡಿದೆವು. ಅದರ ಮೂಲ ಬ್ರಿಟನ್ನಿನದು, ೧೯೯೮ರದು. ಆದರೂ ಸೂಕ್ಷ್ಮವಾಗಿ ನೋಡಿದರೆ ಅದರಲ್ಲಿ ನಮ್ಮ ಜಗಲಿಯ ಎರಡು ಆಟಗಳು ಬೆರೆತಿವೆ. ಪ್ರಶ್ನೆಯಿಂದ ಪ್ರಶ್ನೆಗೆ ಏರುವುದು ಏಣಿ. ತಪ್ಪು ಉತ್ತರದಿಂದ ಜಾರುವುದು ಹಾವಿನ ಬಾಯಿ. ಜಾರಿದರೂ ಇಷ್ಟು ಹಣ ನಿನ್ನದೇ ಎಂದು ನಡುನಡುವೆ ಇಟ್ಟ ಸುರಕ್ಷಿತ ಹಂತಗಳಿವೆಯಲ್ಲ, ಅವು ಕಟ್ಟೆಮನೆಯ ಕಟ್ಟೆಗಳೇ. ಅಜ್ಜಿ ಇದ್ದಿದ್ದರೆ ಒಂದೇ ನೋಟಕ್ಕೆ ಹಿಡಿಯುತ್ತಿದ್ದಳು. ಚಂದನ ವಾಹಿನಿಯಲ್ಲಿ ೨೦೦೨ರ ಜನವರಿಯಲ್ಲಿ ಆರಂಭವಾಗಿ, ಡಾ. ನಾ. ಸೋಮೇಶ್ವರರು ಸಾವಿರಾರು ಕಂತುಗಳಲ್ಲಿ ನಡೆಸಿದ ‘ಥಟ್ ಅಂತ ಹೇಳಿ’ಯ ರೀತಿಯೇ ಬೇರೆ. ಅಲ್ಲಿ ಗೆದ್ದವರಿಗೆ ಪುಸ್ತಕ. ಅದನ್ನು ನೋಡುವಾಗ ಮಾತ್ರ ನಮ್ಮ ಮನೆಯವರು ಸ್ಪರ್ಧಿಗಿಂತ ಮೊದಲು ಉತ್ತರ ಕೂಗಿ, ಒಬ್ಬರಿಗೊಬ್ಬರು ಜಗಳವಾಡಿ, ಅರ್ಧಗಂಟೆಯ ಮಟ್ಟಿಗೆ ಜಗಲಿಯ ಆಟಗಾರರಾಗುತ್ತಿದ್ದರು.

ಇಲ್ಲಿಗೆ ಬಂದಾಗ ನಮ್ಮಂಥವರು ಒಂದು ತೀರ್ಪು ಕೊಡುವುದು ವಾಡಿಕೆ: ಟೆಲಿವಿಷನ್ನು ಆಟಗಾರರನ್ನು ಪ್ರೇಕ್ಷಕರನ್ನಾಗಿ ಮಾಡಿತು, ಎಲ್ಲರೂ ಆಡುತ್ತಿದ್ದ ಕಾಲ ಹೋಗಿ ಎಲ್ಲರೂ ನೋಡುವ ಕಾಲ ಬಂತು. ನಾನೂ ಬಹಳ ದಿನ ಹಾಗೆಯೇ ಹೇಳಿಕೊಂಡು ತಿರುಗಿದೆ. ೨೦೨೦ರ ಬೇಸಗೆಯಲ್ಲಿ ಆ ಮಾತು ನನ್ನ ಬಾಯಲ್ಲೇ ಮುರಿಯಿತು.

ಆ ವರ್ಷ ಮಾರ್ಚಿ ಕೊನೆಯಲ್ಲಿ ದೇಶಕ್ಕೆ ಬೀಗ ಬಿದ್ದಾಗ ನಾನು ಸಂಸಾರಸಮೇತ ಹಲವಾಗಲಿನಲ್ಲಿ ಉಳಿದೆ. ದೂರದರ್ಶನದವರು ಹಳೆಯ ‘ಮಹಾಭಾರತ’ವನ್ನೇ ಮರುಪ್ರಸಾರ ಮಾಡಿದರು. ಮೇ ತಿಂಗಳಲ್ಲಿ ಸ್ಟಾರ್ ಸುವರ್ಣದಲ್ಲಿ ಇನ್ನೊಂದು ಮಹಾಭಾರತ ಕನ್ನಡದ ಮಾತುಗಳಲ್ಲಿ ಬಂತು. ಮೂವತ್ತು ವರ್ಷಗಳ ಮೇಲೆ ಮತ್ತೆ ಶಕುನಿ, ಮತ್ತೆ ದಾಳ. ನನ್ನ ಮಗಳು ಮಾತ್ರ ಮೊಬೈಲಿನಲ್ಲಿ ‘ಲೂಡೋ ಕಿಂಗ್’ ಆಡುತ್ತಿದ್ದಳು. ಬೆಂಗಳೂರಿನಲ್ಲಿದ್ದ ಅವಳ ಗೆಳತಿಯರು ಎದುರಾಳಿಗಳು. ನಿರ್ಬಂಧ ಸಡಿಲವಾದ ಮೇಲೆ ಒಂದು ಮಧ್ಯಾಹ್ನ ಅವಳನ್ನು ಜಗಲಿಗೆ ಕರೆತಂದೆ. ಕಲ್ಲನ್ನು ತೊಳೆದು, ಸುಣ್ಣದ ಕಡ್ಡಿಯಿಂದ ಗೆರೆಗಳನ್ನು ತಿದ್ದಿ, ಹುಣಸೆಬೀಜ ತೇಯ್ದು, ಕಲಿಸಲು ಕುಳಿತೆ. ಹೊರಸುತ್ತು ಸರಿಯಾಗಿ ಬಂತು. ಒಳಸುತ್ತಿಗೆ ಬಂದಾಗ ನನ್ನ ಕೈ ನಿಂತಿತು. ಯಾವ ಮನೆಯಿಂದ ಒಳಗೆ ಹೋಗಬೇಕು? ಯಾವ ದಿಕ್ಕಿಗೆ ತಿರುಗಬೇಕು? ನೆನಪಾಗಲಿಲ್ಲ.

“ಎಡಗಡೆ ಮನಿಯಿಂದ ಒಳಗ ಹೋಗ್ರಿ. ಅಲ್ಲಿಂದ ತಿರುವಿ ಬಲಸುತ್ತು” ಎಂದು ಬೀದಿಯಿಂದ ಧ್ವನಿ ಬಂತು.

ನೋಡಿದರೆ ನನ್ನ ವಯಸ್ಸಿನವನೇ ಒಬ್ಬ, ಸೈಕಲ್ ಹಿಡಿದು ನಿಂತಿದ್ದ. ತಲೆಗೂದಲು ನೆರೆತಿತ್ತು. ಗುರುತು ಹಿಡಿಯಲು ತುಸು ಹೊತ್ತಾಯಿತು. ಜಗಲಿಯ ಕೆಳಗೆ ನಿಂತು ನೋಡುತ್ತಿದ್ದ ಹುಡುಗರಲ್ಲಿ ಅವನೊಬ್ಬ. ಅವನು ಎಲ್ಲ ನಿಯಮಗಳನ್ನೂ ಹೇಳಿದ. ಅಜ್ಜಿ ಎಂಟು ಬಿದ್ದಾಗ ಕಾಯನ್ನು ಹೇಗೆ ಒಡೆದು ನಡೆಸುತ್ತಿದ್ದಳು, ಯಾವ ಕಟ್ಟೆಯಲ್ಲಿ ಕಾದು ಕುಳಿತು ಯಾರನ್ನು ಕಡಿಯುತ್ತಿದ್ದಳು, ಅದನ್ನೂ ಹೇಳಿದ. ವರ್ಷಗಟ್ಟಲೆ ಆ ಕಲ್ಲಿನ ಮೇಲಿನ ಆಟವನ್ನು ಅವನು ನೋಡಿದ್ದ. ಒಂದು ಸಲವೂ ಅದರ ಮೇಲೆ ಕಾಯಿ ಇಟ್ಟಿರಲಿಲ್ಲ.

ಅಂದು ನನಗೆ ತಿಳಿದದ್ದು ಇಷ್ಟು. ಪ್ರೇಕ್ಷಕನನ್ನು ಸೃಷ್ಟಿಸಿದ್ದು ಟೆಲಿವಿಷನ್ನಲ್ಲ, ನಮ್ಮ ಜಗಲಿ. ಎಲ್ಲರೂ ಆಡುತ್ತಿದ್ದ ಕಾಲವೆಂದು ನಾನು ನೆನೆಯುತ್ತಿದ್ದದ್ದು ಜಗಲಿಯ ಮೇಲಿನವರ ಕಾಲ. ೧೯೮೮ರಲ್ಲಿ ಆ ಮನೆಯ ಪಡಸಾಲೆಯಲ್ಲಿ ನಾನು ಕುಳಿತು ಮಹಾಭಾರತ ನೋಡುವಾಗ, ಕಿಟಕಿಯ ಸರಳಿನಾಚೆ ನಿಂತು ನೋಡುತ್ತಿದ್ದವರೂ ಅದೇ ಹುಡುಗರು. ಮುಂದೆ ಟೆಲಿವಿಷನ್ನಿನ ಬೆಲೆ ಇಳಿದು ಎಲ್ಲ ಕೇರಿಗೂ ಹೋಯಿತು. ಆಗ ಒಂದು ವಿಚಿತ್ರ ಸಮಾನತೆ ಉಂಟಾಯಿತು: ಎಲ್ಲರಿಗೂ ನೋಡಲು ಜಾಗ ಸಿಕ್ಕಿತು, ಯಾರ ಕೈಗೂ ಕವಡೆ ಬರಲಿಲ್ಲ. ಇದು ಜಗಲಿಗಿಂತ ಮೇಲೋ ಕೆಳಗೋ ಎಂದು ನಾನು ಹೇಳಲಾರೆ. ಹೇಳುವ ಹಕ್ಕು ಇರುವವನು ಸೈಕಲ್ ಹಿಡಿದು ನಿಂತಿದ್ದವನು.

ಕವಡೆ ಎಲ್ಲರ ಕೈಗೂ ಬಂದದ್ದು ಮೊಬೈಲಿನಿಂದ. ಅದರೊಡನೆ ದ್ಯೂತವೂ ಬಂತು. ಹಣ ಕಟ್ಟಿ ಆಡುವ ಆಟಗಳಲ್ಲಿ ಎಲ್ಲ ಕೇರಿಯ ಹುಡುಗರೂ ಸಮಾನವಾಗಿ ಕಳೆದುಕೊಂಡರು. ಕರ್ನಾಟಕ ಸರಕಾರ ೨೦೨೧ರಲ್ಲಿ ಪೊಲೀಸ್ ಕಾಯಿದೆಯನ್ನು ತಿದ್ದಿ ಅವನ್ನು ತಡೆಯಲು ಹೊರಟಿತು. ೨೦೨೨ರ ಫೆಬ್ರವರಿಯಲ್ಲಿ ಉಚ್ಚ ನ್ಯಾಯಾಲಯ ಆ ತಿದ್ದುಪಡಿಯ ಮುಖ್ಯ ಭಾಗಗಳನ್ನು ಅಸಿಂಧುಗೊಳಿಸಿತು. ೨೦೨೫ರ ಆಗಸ್ಟಿನಲ್ಲಿ ಸಂಸತ್ತೇ ಹಣದ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾಯಿದೆ ಮಾಡಿತು. ಜೂಜುಗಾರನ ಗೋಳು ಋಗ್ವೇದದ ಹತ್ತನೆಯ ಮಂಡಲದಲ್ಲಿಯೇ ಇದೆ. ಆದ್ದರಿಂದ ಕಾಯಿದೆಯೊಂದರಿಂದ ಅದು ತೀರುವುದೆಂದು ನಂಬುವಷ್ಟು ಧೈರ್ಯ ನನಗಿಲ್ಲ. ನನ್ನ ಅಜ್ಜಿಯ ಆಟದಲ್ಲಿ ಪಣವಿರಲಿಲ್ಲ. ಸೋತವರು ಎದ್ದು ನೀರು ತರಬೇಕಾಗಿತ್ತು, ಅಷ್ಟೆ.

ಅಂದು ನಾನು ಅವನಿಗೆ, “ಮೇಲೆ ಬಾ, ಒಂದು ಆಟ ಹಾಕೋಣ” ಎಂದೆ. ಮಾತು ಆಡಿದಮೇಲೆ, ಅದನ್ನು ಮೂವತ್ತೆರಡು ವರ್ಷ ತಡವಾಗಿ ಆಡಿದೆನೆಂದು ನಾಚಿಕೆಯಾಯಿತು. ಅವನು ಸೈಕಲ್ಲನ್ನು ಗೋಡೆಗೆ ಒರಗಿಸಿ, ಚಪ್ಪಲಿ ಬಿಟ್ಟು, ಜಗಲಿಯ ಅಂಚಿನ ಮೇಲೆ ಕುಳಿತ. ಪೂರ್ತಿ ಒಳಗೆ ಬಂದು ಕೂರಲಿಲ್ಲ. ನನ್ನ ಮಗಳು ಬೀಜಗಳನ್ನು ಅವನ ಮುಂದೆ ಸರಿಸಿದಳು. ಮೊದಲ ಸುತ್ತಿನಲ್ಲೇ ಅವನು ನನ್ನ ಎರಡು ಕಾಯಿ ಕಡಿದ. ನಾನು ಮತ್ತೆ ಹುಟ್ಟಿಸಿಕೊಂಡೆ, ಮತ್ತೆ ಕಡಿದ. ಸಂಜೆಯ ಹೊತ್ತಿಗೆ ಅವನ ನಾಲ್ಕು ಕಾಯಿಗಳೂ ನಡುಮನೆ ಸೇರಿದುವು.

ನಾನು ಎದ್ದು ಹೋಗಿ ನೀರು ತಂದುಕೊಟ್ಟೆ.